ಇಪ್ಪತ್ತೊಂದನೇ ಕೈ

18 ಆಗಸ್ಟ್ 2008, ಸೋಮವಾರ. ಮಧ್ಯಾಹ್ನ 3.20

ಸ್ಕೂಲ್ ಬಿಡೋ ಬೆಲ್ಲಿಗೆ ಇನ್ನೂ ನಲವತ್ತು ನಿಮಿಷ. ಸೊಣ್ಣಪ್ಪಣ್ಣ ಸ್ಟೇರಿಂಗ್ ಮೇಲೆ ತಲೆಯಿಟ್ಟು ಗೊರಕೆ. ನಾನು ಹಿಂದಿನ ಸೀಟಿನಲ್ಲಿ, ಕೈಯಲ್ಲಿ ಡೈರಿ. ಬೆಳಿಗ್ಗೆ ಹತ್ತಿದ್ದು ಮೂವತ್ತೊಂದು ಮಕ್ಕಳು, ಇಳಿದದ್ದು ಮೂವತ್ತೊಂದು. ವಾಂತಿ ಒಂದು. ಕಿಟಕಿಯಿಂದ ಹಾರಿದ ಟಿಫನ್ ಬಾಕ್ಸಿನ ಮುಚ್ಚಳ ಒಂದು.

ಆರು ವರ್ಷದಿಂದ ಇದೇ ಬಾಗಿಲು. ಸ್ಕೂಲ್ ವ್ಯಾನಿನ ಆಯಾ. ಹತ್ತಿಸು, ಎಣಿಸು, ಇಳಿಸು. ಹೊಸೂರಿನಿಂದ ರಾಯಕೋಟೆ ರೋಡು ಹಿಡಿದು, ಸಾನಮಾವು ಕಾಡು ದಾಟಿ, ಆಚೆ ಹಳ್ಳಿಗಳವರೆಗೆ. ನಿಂತಿರೋದು ಬಾಗಿಲಲ್ಲಿ, ಕಣ್ಣು ಮಾತ್ರ ಮುಂದಿನ ಸೀಟಿನ ಮೇಲೆ.

ಇವತ್ತು ಸ್ಕೂಲ್ ನಡೆಸೋ ಕರೆಸ್ಪಾಂಡೆಂಟ್ ಸಾರ್ ಕರೆದರು. ಸೊಣ್ಣಪ್ಪಣ್ಣ ಮುಂದಿನ ಜೂನಿಗೆ ಕೆಲಸ ಬಿಡ್ತಾರಂತೆ. "ಮುನಿರತ್ನಾ, ನಿನಗೆ ಕಾರ್ ಲೈಸೆನ್ಸ್ ಇದೆಯಲ್ಲ? ಸ್ಕೂಲ್ ಗಾಡಿ ಓಡಿಸೋ ಬ್ಯಾಡ್ಜ್ ಮಾಡಿಸ್ಕೊಂಡು ಬಾ. ಮೂರನೇ ನಂಬರ್ ವ್ಯಾನ್ ನಿನಗೇ ಕೊಡೋಣ" ಅಂದರು. ಆಚೆ ಬಂದು ಬಾನೆಟ್ಟನ್ನ ಒಂದು ಸಲ ಸವರಿದೆ. ಯಾರೂ ನೋಡಲಿಲ್ಲ.

ಕೃಷ್ಣಗಿರಿ ಹತ್ತಿರ ಅಪ್ಪನ ಮಾವಿನ ತೋಪಿನಲ್ಲಿ ಟೆಂಪೋ ಓಡಿಸಿ ಕಲಿತವಳು ನಾನು. ಒಂದು ಟನ್ ಹಣ್ಣು ತುಂಬಿಕೊಂಡು ಏರಿ ಹತ್ತಿಸಿದ್ದೇನೆ. ಮೂವತ್ತೊಂದು ಮಕ್ಕಳು ಯಾವ ಲೆಕ್ಕ?

20 ಆಗಸ್ಟ್, ಬುಧವಾರ

ಆರ್.ಟಿ.ಓ. ಆಫೀಸಿಗೆ ಹೋಗಿ ಬಂದೆ. ಬ್ಯಾಡ್ಜ್ ಬೇಕಾದರೆ ಎಂಟನೇ ಕ್ಲಾಸ್ ಪಾಸಾಗಿರಬೇಕು. ಹೋದ ವರ್ಷದಿಂದ ರೂಲ್ಸು. ಕೌಂಟರಿನಲ್ಲಿದ್ದವರು ತಮಿಳಲ್ಲಿ ಮೆತ್ತಗೇ ಹೇಳಿದರು. ಬೈದಿದ್ದರೆ ತಿರುಗಿ ಬೈದು ಬರಬಹುದಿತ್ತು.

ನನ್ನ ಟಿ.ಸಿ.ಯಲ್ಲಿ ಇರೋದು ಆರು. ಅದೂ ಅರ್ಧ.

ಇವರಿಗೆ ಹೇಳಿದೆ. (ಗಂಡನ ಹೆಸರು ಬರೆದರೆ ಆಯಸ್ಸು ಕಮ್ಮಿಯಾಗುತ್ತೆ ಅಂತ ಅಮ್ಮ ಹೇಳ್ತಿದ್ದಳು. ಚಲಪತಿ. ಬರೆದಾಯ್ತು, ನೋಡೋಣ.) ಫ್ಯಾಕ್ಟರಿ ಶರ್ಟು ಬಿಚ್ಚುತ್ತಾ ನಕ್ಕರು. "ಎಂಟನೇ ಕ್ಲಾಸಾ? ಪ್ರೈವೇಟಾಗಿ ಕಟ್ಟು. ನಮ್ಮ ಕ್ಯಾಂಟೀನ್‌ನವನು ಹಂಗೇ ಬರ್ದ. ಏಪ್ರಿಲ್‌ನಾಗೆ ಪರೀಕ್ಷೆ, ಕನ್ನಡದಾಗೇ ಬರೀಬೋದು."

ಮಿಕ್ಕ ಸಬ್ಜೆಕ್ಟೆಲ್ಲ ಉರು ಹೊಡೆಯಬಹುದು. ಗಣಿತ? ಆರನೇ ಕ್ಲಾಸಿನಲ್ಲಿ ಭಿನ್ನರಾಶಿ ಶುರುವಾದ ವಾರವೇ ನನ್ನ ಸ್ಕೂಲು ಬಿಡಿಸಿದ್ದು.

31 ಆಗಸ್ಟ್, ಭಾನುವಾರ

ಮಗಳು ಹರ್ಷಿ ಜೊತೆ ಹೊಸೂರಿನ ಬ್ರೌಸಿಂಗ್ ಸೆಂಟರಿಗೆ ಹೋದೆ. ಅವಳೀಗ ಏಳನೇ ಕ್ಲಾಸು, ನಮ್ಮ ಸ್ಕೂಲಿನಲ್ಲೇ. ಗಣಿತದಲ್ಲಿ ನೂರಕ್ಕೆ ಮೂವತ್ತೆಂಟು. ಅವರ ಮ್ಯಾತ್ಸ್ ಮಿಸ್ಸು ಯಾವುದೋ ಸೈಟು ಬರೆದುಕೊಟ್ಟಿದ್ದಾರೆ. ಆರರಿಂದ ಎಂಟರವರೆಗಿನ ಲೆಕ್ಕವೆಲ್ಲ ಅದರಲ್ಲಿದೆಯಂತೆ, ಚಿತ್ರದ ಸಮೇತ, ಪುಕ್ಕಟೆ.

ಸೆಂಟರ್ ನಡೆಸೋದು ಮಾಲಿನಿ ಅಂತ, ಮಂಡ್ಯ ಕಡೆಯ ಹುಡುಗಿ, ಮದುವೆಯಾಗಿ ಇಲ್ಲಿಗೆ ಬಂದವಳು. ಒಂದು ಸಿಸ್ಟಮ್ಮಿಗೆ ಎರಡು ಸ್ಟೂಲ್ ಹಾಕಿಕೊಟ್ಟಳು. "ಪಾಪುಗೆ ಹೇಳಿಕೊಡೋಕೆ ಬಂದ್ರಾ ಅಕ್ಕಾ?" ಅಂದಳು. ಹೂಂ ಅಂದೆ. ಹರ್ಷಿ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

ಮೌಸು ನನ್ನ ಮಾತು ಕೇಳಲ್ಲ. ಗೇರ್ ಲಿವರ್ ಹಿಡಿದ ಹಾಗೆ ಹಿಡಿದೆ. ಬಾಣ ಹೋಗಿ ಮೂಲೆಯಲ್ಲಿ ಕೂತುಕೊಳ್ತು.

7 ಸೆಪ್ಟೆಂಬರ್, ಭಾನುವಾರ

ಇವತ್ತು ಕಂಪ್ಯೂಟರ್ ಜೊತೆ ಜಗಳ.

ಪರದೆ ಮೇಲೆ ಸೇಬು. ಸಾಲಿಗೆ ಐದೈದು. ಒಟ್ಟು ಎಷ್ಟು, ಟೈಪ್ ಮಾಡು ಅಂತ. ಎಣಿಕೆ ತಾನೇ! ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರನೇ ವಯಸ್ಸಿನಿಂದ ಹದಿನೆಂಟರವರೆಗೆ ಮಾವಿನಕಾಯಿ ಎಣಿಸಿದ ಕೈ ಇದು. ಎಡಗೈಗೆ ಎರಡು, ಬಲಗೈಗೆ ಮೂರು, ಐದೂ ಬುಟ್ಟಿಗೆ ಬಿದ್ದರೆ ಒಂದು ಕೈ. ಒಂದು ಅನ್ನಬಾರದು, ಲಾಭ ಅನ್ನಬೇಕು. ಲಾಭ, ಎರಡು, ಮೂರು... ಹಾಗೇ ಇಪ್ಪತ್ತು, ಕೊನೆಗೆ ಒಂದು ಕೈ ಕೊಸರು. ಅಲ್ಲಿಗೆ ನೂರು. ಬುಟ್ಟಿ ಎತ್ತು, ಮುಂದಿನದು ಇಡು.

ಸಾಲು ಎಣಿಸಿದೆ. ಲಾಭದಿಂದ ಇಪ್ಪತ್ತು, ಕೊನೇ ಸಾಲು ಕೊಸರು. ನೂರು ಅಂತ ಒತ್ತಿದೆ. ಕೆಂಪಗೆ ಬಂತು, ಟ್ರೈ ಅಗೇನ್. ಇನ್ನೊಂದು ಸಲ ನೂರು. ಟ್ರೈ ಅಗೇನ್.

"ಇದು ಕೆಟ್ಟೋಗೈತೆ" ಅಂದೆ ಮಾಲಿನಿಗೆ. ಜೋರಾಗೇ ಅಂದೆ. ಪಕ್ಕದ ಸಿಸ್ಟಮ್ಮಿನ ಕಾಲೇಜು ಹುಡುಗರು ತಿರುಗಿ ನೋಡಿದರು.

ಹರ್ಷಿ ಬೆರಳಿಟ್ಟು ತೋರಿಸಿದಳು. "ಅಮ್ಮಾ, ಇಪ್ಪತ್ತೊಂದು ಸಾಲು. ಇಪ್ಪತ್ತೊಂದೈದ್ಲಿ ನೂರೈದು."

"ಕೊಸರು ಲೆಕ್ಕಕ್ಕೆ ಬರಲ್ಲ ಕಣೇ."

"ಯಾಕೆ ಬರಲ್ಲ? ಅದೂ ಸೇಬೇ ಅಲ್ವಾ?"

ನೂರೈದು ಒತ್ತಿದಳು. ಹಸಿರು. ಒಂದು ಕರಡಿ ಬಂದು ಚಪ್ಪಾಳೆ ತಟ್ಟಿತು.

ಬಸ್ಸಿನಲ್ಲಿ ಬರುವಾಗ ಅದೇ ಯೋಚನೆ. ಎಷ್ಟು ಸಾವಿರ ಬುಟ್ಟಿ ಎಣಿಸಿದ್ದೇನೆ! ಒಂದು ಸಲವೂ ಹೊಳೆಯಲಿಲ್ಲವಲ್ಲ, ಆ ಬುಟ್ಟಿಯಲ್ಲಿ ನೂರೈದು ಇತ್ತು ಅಂತ. ನಾಚಿಕೆ ಆಯ್ತು. ಯಾರ ಮೇಲೋ ಕೋಪವೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

21 ಸೆಪ್ಟೆಂಬರ್, ಭಾನುವಾರ

ಕರೆಂಟ್ ಕಟ್. ಹೋದ ವಾರವೂ ಇದೇ. ಮಾಲಿನಿಯ ಯು.ಪಿ.ಎಸ್. ಕೂಗುತ್ತೆ, ಆರು ನಿಮಿಷ, ಆಮೇಲೆ ಕತ್ತಲು. ಆ ಆರು ನಿಮಿಷದಲ್ಲಿ ಪಿಜ್ಜಾ ಅರ್ಧ ಕತ್ತರಿಸಿದ್ದೆ. ಭಿನ್ನರಾಶಿಗೆಲ್ಲ ಪಿಜ್ಜಾನೇ ಕೊಡ್ತಾರೆ. ನಾನು ತಿಂದಿಲ್ಲ. ನೋಡೋಕೆ ಸೀದ ಊತಪ್ಪ.

ಹರ್ಷಿಗೆ ಸತ್ಯ ಹೇಳಿದೆ ಇವತ್ತು. ಪರೀಕ್ಷೆ ಕಟ್ಟಿರೋದು. "ಗೊತ್ತು ಬಿಡಮ್ಮಾ" ಅಂದಳು. "ಅಪ್ಪ ಹೇಳ್ತು." ಗಂಡಸರ ಬಾಯಲ್ಲಿ ಏನು ನಿಲ್ಲುತ್ತೆ?

12 ಅಕ್ಟೋಬರ್, ಭಾನುವಾರ

ಅರ್ಧಕ್ಕೆ ಮೂರನೇ ಒಂದು ಸೇರಿಸಿದರೆ ಐದನೇ ಎರಡು ಅಂತ ಒತ್ತಿದೆ. ಮೇಲಿನದು ಮೇಲಿನದು ಕೂಡಿಸು, ಕೆಳಗಿನದು ಕೆಳಗಿನದು ಕೂಡಿಸು. ಅದರಲ್ಲಿ ತಪ್ಪೇನಿದೆ? ಕೆಂಪು. ಮೂರು ಸಲ ಕೆಂಪು.

ಹರ್ಷಿ ತಲೆ ಚಚ್ಚಿಕೊಂಡಳು. "ಎಷ್ಟು ಸಲ ಬಡ್ಕೋಬೇಕು ನಿಂಗೆ? ತಲೇಲಿ ಏನೈತೆ, ಜೇಡಿಮಣ್ಣಾ?"

ಮಾಲಿನಿ ಬೆಚ್ಚಿ ನೋಡಿದಳು. ನನಗೆ ಕೋಪ ಬರಲಿಲ್ಲ. ಅಕ್ಷರಕ್ಕಕ್ಷರ ನನ್ನದೇ ಮಾತು. ಅವಳು ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿಸಿದಾಗ ನಾನು ಅಂದದ್ದು. ಆಗ ಅವಳು ಹೇಗೆ ತಲೆ ತಗ್ಗಿಸಿದ್ದಳೋ, ಇವತ್ತು ನಾನು ಹಾಗೇ. ಇನ್ನು ಮೇಲೆ ಆ ಮಾತು ಆಡಲ್ಲ. ಇಲ್ಲಿ ಬರೆದಿಟ್ಟಿರ್ತೀನಿ, ನೆನಪಿಗೆ.

ಮನೆಗೆ ಬಂದು ಎರಡು ರಾಗಿರೊಟ್ಟಿ ತಟ್ಟಿದೆ. ಒಂದನ್ನ ಅರ್ಧ ಮಾಡಿದೆ, ಇನ್ನೊಂದನ್ನ ಮೂರು. ತುಂಡುಗಳು ಒಂದಕ್ಕೊಂದು ಸಮ ಇಲ್ಲ, ಹೇಗೆ ಸೇರಿಸಿ ಹೇಳೋದು? ಆಗ ಗೊತ್ತಾಯ್ತು. ಮೊದಲು ಎಲ್ಲ ಒಂದೇ ಅಳತೆಗೆ ಕತ್ತರಿಸಬೇಕು. ಆರಾರು. ಅರ್ಧ ಅಂದರೆ ಮೂರು ತುಂಡು, ಮೂರನೇ ಒಂದು ಅಂದರೆ ಎರಡು. ಐದು. ಆರನೇ ಐದು!

ತಟ್ಟೆಯಲ್ಲಿ ಜೋಡಿಸಿಟ್ಟು ಇವರನ್ನ ಕರೆದು ತೋರಿಸಿದೆ. ಗಮನವಿಟ್ಟು ನೋಡಿದರು. "ಚೆನ್ನಾಗೈತೆ. ಚಟ್ನಿ ಎಲ್ಲಿ?" ಅಂದರು. ಲೆಕ್ಕವನ್ನೆಲ್ಲ ತಿಂದು ಹಾಕಿದರು.

16 ನವೆಂಬರ್, ಭಾನುವಾರ

ಇವತ್ತು ನಾನು ಟೀಚರು!

ಸೊನ್ನೆಗಿಂತ ಕಡಿಮೆ ಇರೋ ಸಂಖ್ಯೆಗಳು. ಪರದೆ ಮೇಲೆ ಒಂದು ಕಪ್ಪೆ, ಗೆರೆ ಮೇಲೆ ಮುಂದೆ ಹಾರುತ್ತೆ, ಹಿಂದೆ ಹಾರುತ್ತೆ. ಹರ್ಷಿಗೆ ಕ್ಲಾಸಿನಲ್ಲೂ ಹತ್ತಿಲ್ಲ ಇದು. "ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಅಂತೆ. ಯಾಕೆ ಅಂದ್ರೆ ಮಿಸ್ಸು ರೂಲ್ಸು ಅಂತಾರೆ." ಕಣ್ಣಲ್ಲಿ ನೀರು.

ನೋಡಿದೆ. ಇದು ವ್ಯಾನೇ. ಮುಂದಕ್ಕೆ ಹೋದರೆ ಪ್ಲಸ್, ರಿವರ್ಸ್ ಮೈನಸ್. "ನಮ್ಮ ವ್ಯಾನ್ ಮೂತಿ ಹೊಸೂರ ಕಡೆಗಿದೆ ಅಂದ್ಕೋ. ರಿವರ್ಸ್ ಹಾಕಿದ್ರೆ ಎತ್ತಲಾಗೆ ಹೋಗುತ್ತೆ?"

"ಸಾನಮಾವಿಗೆ."

"ಈಗ ವ್ಯಾನನ್ನೇ ಉಲ್ಟಾ ತಿರುಗಿಸಿ ನಿಲ್ಸಿದೀನಿ. ಮೂತಿ ಸಾನಮಾವಿಗೆ. ರಿವರ್ಸ್ ಹಾಕಿದೆ. ಎತ್ತ ಹೋದೆ?"

ಕಣ್ಣರಳಿಸಿದಳು. "ಹೊಸೂರಿಗೆ! ಪ್ಲಸ್ ಕಡೆಗೇ!"

ಎಂಟು ಲೆಕ್ಕ, ಎಂಟೂ ಹಸಿರು. ಕರಡಿ ಚಪ್ಪಾಳೆ ನಿಲ್ಲಿಸಲೇ ಇಲ್ಲ. ಮಾಲಿನಿ ಎದ್ದು ಬಂದು, "ಅಕ್ಕಾ, ಇನ್ನೊಂದ್ಸಲ ಹೇಳಿ, ನನಗೂ ಗೊತ್ತಿರಲಿಲ್ಲ" ಅಂದಳು. ಬಿ.ಕಾಂ. ಓದಿದವಳು! ಬಸ್ಸಿನಲ್ಲಿ ಹರ್ಷಿ ನನ್ನ ಭುಜದ ಮೇಲೆ ಮಲಗಿಕೊಂಡು ಬಂದಳು. ಸಂತೋಷ ಆಯ್ತು, ತುಂಬಾ.

9 ಡಿಸೆಂಬರ್, ಮಂಗಳವಾರ

ಇವತ್ತೇ ಬರೀಬೇಕು.

ಸಂಜೆ ಐದರ ಹತ್ತಿರ, ಸಾನಮಾವು ಕಾಡಿನ ತಿರುವು. ವ್ಯಾನಿನಲ್ಲಿ ಇನ್ನೂ ಹತ್ತೊಂಬತ್ತು ಮಕ್ಕಳು. ಆನೆ ಬಂದವು. ಸೊಣ್ಣಪ್ಪಣ್ಣ ದೂರದಲ್ಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ಪ್ರತಿವರ್ಷ ರಾಗಿ ತೆನೆಯಾಗೋ ಕಾಲಕ್ಕೆ ನೋಡೋದೇ. ಮಕ್ಕಳು ಉಸಿರು ಬಿಡಲ್ಲ, ಅಷ್ಟು ಚೆನ್ನಾಗಿ ಕಲಿತಿವೆ. ಒಂದೊಂದಾಗಿ ದಾಟಿದವು. ಐದು. "ಆಯ್ತು" ಅಂದು ಸ್ಟಾರ್ಟ್ ಮಾಡಿದರು. ವ್ಯಾನ್ ಮುಂದೆ ಹೋಯ್ತು. ನಾನು ಬಾಗಿಲಲ್ಲಿದ್ದೆ. ಎಡಗಡೆ ಪೊದೆ ಅಲ್ಲಾಡ್ತು.

"ನಿಲ್ಸಿ ಸೊಣ್ಣಪ್ಪಣ್ಣಾ! ಇನ್ನೊಂದೈತೆ!"

ಬ್ರೇಕು. ಮಕ್ಕಳೆಲ್ಲ ಮುಂದಿನ ಸೀಟಿಗೆ ಬಡಿದರು. ಮರಿ. ಬಂಪರಿಗೂ ಅದಕ್ಕೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಆಚೆ ಕಡೆ ತಾಯಿ ತಿರುಗಿ ನಿಂತಳು. ಕಿವಿ ಅಗಲಿಸಿ, ರಸ್ತೆ ತುಂಬಾ. ಹತ್ತೊಂಬತ್ತು ಮಕ್ಕಳಲ್ಲಿ ಒಂದೂ ಅಳಲಿಲ್ಲ. ನಾನು ಹರ್ಷಿಯ ಜಡೆ ಹಿಡಿದುಕೊಂಡಿದ್ದೆ, ಗೊತ್ತಿಲ್ಲದೆ. ಮರಿ ಓಡಿತು. ತಾಯಿ ಅದನ್ನ ಸೊಂಡಿಲಿನಿಂದ ತಳ್ಳಿಕೊಂಡು ಇಳಿದು ಹೋದಳು.

ಸೊಣ್ಣಪ್ಪಣ್ಣ ಸ್ಟೇರಿಂಗ್ ಬಿಡಲೇ ಇಲ್ಲ ಬಹಳ ಹೊತ್ತು. "ಕಾಣಲಿಲ್ಲ ಕಣಮ್ಮಾ" ಅಂದರು. "ದೇವ್ರಾಣೆಗೂ ಕಾಣಲಿಲ್ಲ. ಕಣ್ಣು ಮಂಜಾಗಿ ಎಷ್ಟೋ ದಿನ ಆಯ್ತು. ಹೇಳ್ದೆ ಮುಚ್ಚಿಟ್ಕೊಂಡಿದ್ದೆ. ಪಾಪಿ ನಾನು."

10 ಡಿಸೆಂಬರ್, ಬುಧವಾರ

ಬೆಳಿಗ್ಗೆ ಆಫೀಸಿಗೆ ಹೋಗಿ ಕೀ ಕೊಟ್ಟುಬಿಟ್ಟರು ಸೊಣ್ಣಪ್ಪಣ್ಣ. ಇಪ್ಪತ್ತಾರು ವರ್ಷ ಗಾಡಿ ಓಡಿಸಿದ ಮನುಷ್ಯ. ಗೇಟಿನಲ್ಲಿ ನನ್ನ ಕೈ ಹಿಡಿದು, "ಬಿರ್‍ನೆ ಪಾಸಾಗಮ್ಮಾ. ಎಣಿಸೋರು ಕೂತ್ಕೋಬೇಕು ಆ ಸೀಟಿನಾಗೆ" ಅಂದರು.

21 ಡಿಸೆಂಬರ್, ಭಾನುವಾರ

ಹೊಸ ಡ್ರೈವರು ಬಂದಿದ್ದಾನೆ, ಟ್ರಾವೆಲ್ಸಿನವರು ಕಳಿಸಿದ್ದು. ಕಿವಿಗೆ ಸೆಲ್ ಫೋನು, ಕಾಡಿನ ತಿರುವಿನಲ್ಲಿ ಅರವತ್ತು. ಮೆಲ್ಲಗೆ ಹೋಗಪ್ಪಾ ಅಂದರೆ ಹಾಡು ಜೋರು ಮಾಡ್ತಾನೆ. ಸಾರ್ ಹತ್ತಿರ ಹೇಳಿದೆ. ಬೇರೆ ಯಾರೂ ಸಿಗ್ತಿಲ್ಲವಂತೆ. ಜೂನಿನಲ್ಲಿ ನನ್ನ ಬ್ಯಾಡ್ಜ್ ಬಂದರೆ ನಾನು. ಬರದಿದ್ದರೆ ಇವನೇ ಪರ್ಮನೆಂಟು.

ಮೊದಲು ನನಗೋಸ್ಕರ ಬೇಕಿತ್ತು ಆ ಸೀಟು. ಈಗ ಆ ಮೂವತ್ತೊಂದಕ್ಕೋಸ್ಕರವೂ ಬೇಕು.

4 ಜನವರಿ 2009, ಭಾನುವಾರ

ಮಾಲಿನಿ ಯಾವುದೋ ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆದುಕೊಟ್ಟಳು. ಎರಡೂವರೆ ಗಂಟೆ ಅವಳ ಕೌಂಟರಿನಲ್ಲೇ ಕೂತು ಬರೆದೆ. ಹರ್ಷಿ ಕೆಂಪು ಪೆನ್ನು ಹಿಡಿದು ತಿದ್ದಿದಳು. ಮೊದಲು ಜೋರಾಗಿ ಗೆರೆ ಎಳೀತಿದ್ದಳು. ಆಮೇಲೆ ಮೆಲ್ಲಗೆ. ಕೊನೆಗೆ ಪೆನ್ನು ಮುಚ್ಚಿದಳು.

ನೂರಕ್ಕೆ ಹತ್ತೊಂಬತ್ತು. ಶೇಕಡಾ ಲೆಕ್ಕ ಒಂದೂ ಸರಿಯಿಲ್ಲ. ನೂರಕ್ಕೆ ಇಷ್ಟು ಅಂದ ಕೂಡಲೇ ತಲೆಯಲ್ಲಿ ಬುಟ್ಟಿ ಬರುತ್ತೆ, ಕೊಸರು ಬರುತ್ತೆ. ಇಪ್ಪತ್ತೆಂಟು ವರ್ಷದ ರೂಢಿ, ಕಿತ್ತು ಹಾಕು ಅಂದರೆ ಎಲ್ಲಿಂದ ಕೀಳೋದು?

ಸಾಕು. ಬಿಟ್ಟೆ. ಮೂವತ್ತನಾಲ್ಕು ವರ್ಷದವಳಿಗೆ ಕರಡಿ ಚಪ್ಪಾಳೆ ಬೇರೆ ಕೇಡು.

15 ಜನವರಿ, ಗುರುವಾರ

ಸಂಕ್ರಾಂತಿಗೆ ಅಪ್ಪನ ಮನೆಗೆ ಬಂದಿದ್ದೇನೆ. ತೋಪೆಲ್ಲ ಹೂವು. ಜೇನುನೊಣದ ಸದ್ದಿಗೆ ಮಾತು ಕೇಳಿಸಲ್ಲ.

ಅಪ್ಪ ಮರದ ಕೆಳಗೆ ಕೂತಿದ್ದರು. ನಮ್ಮಪ್ಪ ಮುತ್ತರಾಯಪ್ಪನವರ ತೋಪಿನ ಕೈ ಅಂದರೆ ಒಂದು ಕಾಲಕ್ಕೆ ಹಣ್ಣಿನ ಮಂಡಿಯಲ್ಲಿ ಮರು ಎಣಿಕೆ ಇರಲಿಲ್ಲ. ಹೋಗಿ ಪಕ್ಕ ಕೂತೆ. ಕೇಳೇಬಿಟ್ಟೆ.

"ಅಪ್ಪಾ, ಬುಟ್ಟಿಗೆ ನೂರೈದು ಹಾಕ್ತಿದ್ವಲ್ಲ, ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಗೊತ್ತಿದ್ದೇ ಹಾಕ್ತಿದ್ದುದು. ಲಾರೀಲಿ ಮದ್ರಾಸಿಗೆ ಹೋಗೋ ಹೊತ್ಗೆ ನಾಕೈದು ನಜ್ಜಾಯ್ತವೆ, ಕೊಳೀತವೆ. ತಗೊಂಡೋನಿಗೆ ನೂರು ಪೂರ್ತಿ ಸಿಗಬೇಕಲ್ಲ? ಅದ್ಕೇ ಒಂದು ಕೈ ಕೊಸರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ ಮಗಾ. ನಿನ್ನ ಕೈ ಹಂಗೆ ಓಡ್ತಿತ್ತು. ಕೂಲಿಯವರಿಗಿಂತ ಚುರುಕು." ನನ್ನ ಕೈ ನೋಡಿದರು. "ಆ ಕೈ ನೋಡೇ ಇಸ್ಕೂಲು ಬಿಡಿಸ್ಬುಟ್ಟೆ. ಆ ಸಲ ಫಸಲು ಜಾಸ್ತಿ. ಮುಂದಿನ ವರ್ಷ ಸೇರಿಸ್ತೀನಿ ಅಂದ್ಕೊಂಡೆ. ಮುಂದಿನ ವರ್ಷಾನೂ ಫಸಲು ಬಂತು."

ಕೋಪ ಬಂತು ನನಗೆ. ಇಷ್ಟು ವರ್ಷ ಆದಮೇಲೆ ಬಂತು. ಎದ್ದು ಬೇಲಿಯವರೆಗೂ ಹೋದೆ. ತಿರುಗಿ ನೋಡಿದರೆ ಅಪ್ಪ ಹಾಗೇ ಕೂತಿದ್ದಾರೆ, ಅಂಗೈ ನೋಡಿಕೊಂಡು. ಎಪ್ಪತ್ತು ದಾಟಿದೆ. ವಾಪಸ್ ಬಂದು ಕೂತೆ.

ಅಪ್ಪ ಹೇಳಿದರು, "ಹರ್ಷಿ ಹೇಳ್ತು, ಪರೀಕ್ಷೆ ಬಿಟ್ಬುಟ್ಯಂತೆ. ಈ ಸಲ ಫಸಲು ನೆಪ ಹೇಳ್ಬೇಡ. ನಾನು ಹೇಳಿದ್ದು ಸಾಕು."

18 ಜನವರಿ, ಭಾನುವಾರ

ಬ್ರೌಸಿಂಗ್ ಸೆಂಟರು. ಮಾಲಿನಿ ಎರಡು ಸ್ಟೂಲ್ ಮೊದಲೇ ಹಾಕಿಟ್ಟಿದ್ದಳು.

ಶೇಕಡಾ ಪಾಠ, ಮೊದಲಿನಿಂದ. ಪರದೆ ಮೇಲೆ ನೂರು ಚೌಕ. ನೂರೇ ನೂರು, ಕೊಸರಿಲ್ಲ. ಅಪ್ಪನ ಬುಟ್ಟಿ ಬೇರೆ, ಈ ಬುಟ್ಟಿ ಬೇರೆ ಅಂತ ಗಟ್ಟಿಯಾಗಿ ಹೇಳಿಕೊಂಡೆ. ಇದು ಗಾಜಿನ ಬುಟ್ಟಿ. ಇಲ್ಲಿ ಯಾವುದೂ ನಜ್ಜಾಗಲ್ಲ, ಕೊಳೆಯಲ್ಲ. ಹಾಗಾದರೆ ಕೊಸರು ಯಾಕೆ?

ಹತ್ತರಲ್ಲಿ ಏಳು ಹಸಿರು.

22 ಫೆಬ್ರವರಿ, ಭಾನುವಾರ

ಹತ್ತರಲ್ಲಿ ಒಂಬತ್ತು. ಹರ್ಷಿಗೆ ಎಂಟು. ಮುಖ ಊದಿಸಿಕೊಂಡು ಬಂದಳು ಬಸ್ಸಿನಲ್ಲಿ.

ವ್ಯಾನಿನಲ್ಲಿ ಈಗ ಮಕ್ಕಳು ನನಗೆ ಲೆಕ್ಕ ಕೇಳ್ತಾರೆ. ನಾಲ್ಕನೇ ಕ್ಲಾಸಿನ ಒಬ್ಬಳು ಹೋಂವರ್ಕ್ ತಂದು ತೊಡೆ ಮೇಲಿಟ್ಟಳು, "ಆಂಟಿ, ಇದು ಹೇಗೆ?" ಡ್ರೈವರ್ ಕನ್ನಡಿಯಲ್ಲಿ ನೋಡಿದ. ನೋಡಲಿ.

15 ಮಾರ್ಚ್, ಭಾನುವಾರ

ಹಳೇ ಪೇಪರ್ ಇನ್ನೊಂದು. ನಲವತ್ತನಾಲ್ಕು. ಮೂವತ್ತೈದಕ್ಕೆ ಪಾಸು. ಇವರು ಭಾನುವಾರದ ಶಿಫ್ಟಿಗೆ ರಜಾ ಹಾಕಿ ಅಡುಗೆ ಮಾಡಿದರು ಇವತ್ತು. ಉಪ್ಪಿಲ್ಲ. ಹೊಗಳಿ ತಿಂದೆ.

8 ಏಪ್ರಿಲ್, ಬುಧವಾರ. ಸಂಜೆ, ಕೃಷ್ಣಗಿರಿ ಬಸ್ ಸ್ಟಾಂಡ್

ಗಣಿತ ಮುಗೀತು.

ಪರೀಕ್ಷೆ ಹಾಲಿನಲ್ಲಿ ನನ್ನ ಹಿಂದೆ ಒಬ್ಬ ಲಾರಿ ಕ್ಲೀನರ್, ಮುಂದೆ ಒಬ್ಬಳು ಬಾಣಂತಿ, ಅವಳ ಅಮ್ಮ ಮಗು ಎತ್ತಿಕೊಂಡು ಕಿಟಕಿ ಹೊರಗೆ. ಎಲ್ಲರಿಗೂ ಬ್ಯಾಡ್ಜೋ, ಪ್ಯೂನ್ ಕೆಲಸವೋ, ಏನೋ ಒಂದು ಬೇಕು. ಪೇಪರ್ ಕೈಗೆ ಬಂದಾಗ ಮೊದಲ ಹತ್ತು ನಿಮಿಷ ಅಕ್ಷರವೇ ಕಾಣಲಿಲ್ಲ. ಆಮೇಲೆ ಕಪ್ಪೆ, ರೊಟ್ಟಿ, ರಿವರ್ಸ್ ಗೇರು, ಒಂದೊಂದಾಗಿ ಬಂದವು.

ಹದಿನಾಲ್ಕನೇ ಪ್ರಶ್ನೆ. ಓದಿ ಮೈ ಜುಂ ಅಂತು. ಒಬ್ಬ ವ್ಯಾಪಾರಿ 420 ಮಾವಿನಹಣ್ಣು ಕೊಂಡ. ಶೇಕಡಾ 5 ಕೊಳೆತವು. ಉಳಿದದ್ದೆಷ್ಟು?

ಕೈ ತಾನಾಗೇ ಓಡಿತು. ನಾನೂರಿಪ್ಪತ್ತು ಅಂದರೆ ಎಂಬತ್ತನಾಲ್ಕು ಕೈ. ಅಂದರೆ ಕೊಸರಿನ ಸಮೇತ ನಾಲ್ಕು ಬುಟ್ಟಿ. ಕೊಸರು ಕೊಳೀತು ಅನ್ನು, ಉಳಿದದ್ದು ನಾನೂರು. 400 ಅಂತ ಬರೆದೂ ಬಿಟ್ಟೆ. ಪೆನ್ನು ಎತ್ತಿದೆ. ಎತ್ತಿದವಳು ಮತ್ತೆ ನೋಡಿದೆ.

ಕೊಸರು ಅಂತ ಕೊಟ್ಟದ್ದು ನೂರಕ್ಕೆ ಐದು, ಇಪ್ಪತ್ತು. ಆದರೆ ಇವರು ಕೇಳ್ತಿರೋದು ಇಡೀ ನಾನೂರಿಪ್ಪತ್ತರಲ್ಲಿ. ಕೊಸರಿನ ಹಣ್ಣೂ ಹಣ್ಣೇ, ಅದೂ ಕೊಳೆಯುತ್ತೆ! ನಾನೂರಕ್ಕೆ ಇಪ್ಪತ್ತು, ಮೇಲಿನ ಇಪ್ಪತ್ತಕ್ಕೆ ಒಂದು. ಇಪ್ಪತ್ತೊಂದು ಹೋಯ್ತು. ಉಳಿದದ್ದು 399.

400 ಹೊಡೆದು ಹಾಕಿದೆ. 399 ಬರೆದು ಕೆಳಗೆ ಎರಡು ಗೆರೆ ಎಳೆದೆ.

ಅಪ್ಪ ಕೊಸರು ಕೊಟ್ಟರೂ ಮದ್ರಾಸಿನವನಿಗೆ ಒಂದು ಹಣ್ಣು ಕಡಿಮೆಯೇ ಬಿತ್ತು, ಪಾಪ. ಇಲ್ಲಿ ಬೆಂಚಿನ ಮೇಲೆ ಒಬ್ಬಳೇ ನಗ್ತಾ ಕೂತಿದ್ದೇನೆ. ಜನ ನೋಡ್ತಿದ್ದಾರೆ. ಅಪ್ಪನಿಗೆ ಹೇಳಬೇಕು. ಹೊಸೂರು ಬಸ್ ಬಂತು.

29 ಮೇ, ಶುಕ್ರವಾರ

ರಿಸಲ್ಟು ನೆಟ್ಟಿನಲ್ಲೇ ಬಂತು. ಮಾಲಿನಿ ಸೆಂಟರು, ಅದೇ ಸಿಸ್ಟಮ್ಮು. ನಂಬರ್ ನಾನೇ ಟೈಪ್ ಮಾಡಿದೆ. ಮೌಸ್ ಈಗ ಮಾತು ಕೇಳುತ್ತೆ, ಆದರೆ ಬೆರಳು ಕೇಳಲಿಲ್ಲ, ಎರಡು ಸಲ ತಪ್ಪು. ಪೇಜು ತೆರೀತಾ ತೆರೀತಾ ಕರೆಂಟ್ ಹೋಯ್ತು. ಯು.ಪಿ.ಎಸ್. ಕೂಗ್ತಾ ಇದೆ. ಮಾಲಿನಿ ದೇವರಿಗೆ ಬೈತಾ ಇದ್ದಾಳೆ. ಹರ್ಷಿ ನನ್ನ ಕೈ ಗಿಲ್ತಾ ಇದ್ದಾಳೆ.

ಐದನೇ ನಿಮಿಷಕ್ಕೆ ತೆರೀತು. ಗಣಿತ 51. ಪಾಸ್. ಎಲ್ಲದರಲ್ಲೂ ಪಾಸ್.

ಅತ್ತೆ. ಬೇಕಾದಷ್ಟು ಅತ್ತೆ. ಹರ್ಷಿ ತನ್ನ ಸೈಟು ತೆಗೆದು, ಒಂದು ಸುಲಭದ ಲೆಕ್ಕ ಸರಿ ಮಾಡಿ, ಕರಡಿ ಹತ್ತಿರ ನನಗೆ ಚಪ್ಪಾಳೆ ತಟ್ಟಿಸಿದಳು. ಆಗ ಯು.ಪಿ.ಎಸ್. ಆರಿತು.

ಇವರಿಗೆ ಫೋನ್ ಮಾಡಿದೆ. ಫ್ಯಾಕ್ಟರಿ ಸದ್ದಿನಲ್ಲಿ ಕೇಳಿಸಲಿಲ್ಲ. ಮೂರು ಸಲ ಕೂಗಿದೆ. ನಾಲ್ಕನೇ ಸಲ ಅವರು ಕೂಗಿದ್ದು ಇಡೀ ಶಿಫ್ಟಿಗೆ ಕೇಳಿಸಿರಬೇಕು.

ಸೊಣ್ಣಪ್ಪಣ್ಣನ ಮನೆಗೆ ಹೋಗಿ ಹೇಳಿದೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಕಪ್ಪು ಕನ್ನಡಕ. ಒಳಗಿಂದ ಬೆಲ್ಲ ತಂದು ಬಾಯಿಗೆ ಹಾಕಿದರು. ಅಂದಾಜಿನ ಮೇಲೆ ಹಾಕಿದ್ದು, ಅರ್ಧ ಮೂಗಿಗೆ.

2 ಜುಲೈ, ಗುರುವಾರ

ಬ್ಯಾಡ್ಜ್ ಕೈಗೆ ಬಂತು. ಎಂಟರ ಆಕಾರದಲ್ಲಿ ಓಡಿಸಿ ತೋರಿಸು ಅಂದರು, ಓಡಿಸಿದೆ. ಅಪ್ಪನ ತೋಪಿನಲ್ಲಿ ಎಂಟಲ್ಲ, ಎಂಬತ್ತು ಹೊಡೆದವಳು.

ಸಾರ್ ಮಾತು ಉಳಿಸಿಕೊಂಡರು. ಸೋಮವಾರದಿಂದ.

6 ಜುಲೈ, ಸೋಮವಾರ. ಸಂಜೆ 4.50, ಸಾನಮಾವು ತಿರುವು

ಮೂರನೇ ನಂಬರ್ ವ್ಯಾನ್. ಮುಂದಿನ ಸೀಟು. ಇದನ್ನ ಇಲ್ಲಿ ಕೂತೇ ಬರೀತಿದ್ದೇನೆ. ಇಂಜಿನ್ ಆಫ್. ಹ್ಯಾಂಡ್ ಬ್ರೇಕ್ ಹಾಕಿದೆ. ಡೈರಿ ಸ್ಟೇರಿಂಗ್ ಮೇಲೆ.

ಬಾಗಿಲಲ್ಲಿ ಸೊಣ್ಣಪ್ಪಣ್ಣ. ಹೊಸ ಆಯಾ ಸಿಗೋವರೆಗೂ ತಾವೇ ಬರ್ತಾರಂತೆ. "ಮಕ್ಳನ್ನ ಎಣಿಸೋಕೆ ಅಷ್ಟು ಕಣ್ಣು ಬ್ಯಾಡಮ್ಮಾ, ತಲೆ ಮುಟ್ಟಿ ಎಣಿಸ್ತೀನಿ" ಅಂದರು. ಬೆಳಿಗ್ಗೆ ಹಾಗೇ ಎಣಿಸಿದರು. ಮೂವತ್ತೊಂದು. ಎಲ್ಲರ ಕೂದಲೂ ಕೆದರಿದೆ.

ಮುಂದೆ ಆನೆ. ಜುಲೈಯಲ್ಲಿ ಇವಕ್ಕೆ ಇಲ್ಲೇನು ಕೆಲಸವೋ. ನನ್ನನ್ನ ನೋಡೋಕೆ ಬಂದಿರಬೇಕು. ದಾಟ್ತಾ ಇವೆ.

ಲಾಭ. ಎರಡು. ಮೂರು. ನಾಲ್ಕು. ಐದು.

ರಸ್ತೆ ಖಾಲಿ. ಹಿಂದಿನಿಂದ ಪಿಸುಪಿಸು, ಆಂಟೀ ಹೋಗೋಣ, ಹೋಗೋಣ. ಹಿಂದೆ ನಿಂತ ಬೈಕಿನವನು ಹಾರ್ನ್ ಒತ್ತಿದ. ಸೊಣ್ಣಪ್ಪಣ್ಣ ಮಾತ್ರ ಪೊದೆ ಕಡೆ ಕಿವಿ ಕೊಟ್ಟಿದ್ದಾರೆ. ಕೀ ಮುಟ್ಟಿಲ್ಲ ನಾನು.

ಹರ್ಷಿ ಕಿವಿ ಹತ್ತಿರ ಬಾಗಿ, "ಅಮ್ಮಾ, ಕೊಸರು?"

ಹೂಂ. ಕಾಯೋಣ.

ಎಡಗಡೆ ಪೊದೆ ಅಲ್ಲಾಡ್ತು... ಬಂತು! ಪುಟಾಣಿ, ಕಿವಿ ಬೀಸಿಕೊಂಡು ಓಡ್ತಾ ಇದೆ, ತಾಯಿ ಆಚೆ ನಿಂತು ಕಾಯ್ತಿದ್ದಾಳೆ. ಸೇರಿಕೊಂಡಿತು. ಆರು. ಲೆಕ್ಕ ಸರಿ. ಈಗ ಕೀ —